ಸಂಬಳ ಜಪ್ತಿ ಆದೇಶ ಬಂದರೆ ಮೊದಲು ಲೆಕ್ಕ ಹಾಕಿ

ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ 19 ವರ್ಷದಿಂದ ಸಂಬಳದ ಬಿಲ್ಲು ಮಾಡುತ್ತಿದ್ದೇನೆ. ನೌಕರರ ಸಂಬಳದಿಂದ ಸಾಲದ ದುಡ್ಡು ಕಟ್ ಮಾಡಿ ಕಳಿಸಿ ಅನ್ನುವ ಜಪ್ತಿ ಆದೇಶದ ಕೋರ್ಟಿನ ಕವರು ಬಂದರೆ ನನ್ನ ಟೇಬಲ್ಲಿಗೇ ಬರುತ್ತದೆ. ನಾನು ಕಂಡಂತೆ ಸಿಕ್ಕಿಬೀಳುವವರು ಜಾಸ್ತಿ ಜಾಮೀನು ಹಾಕಿದವರೇ.

ನಮ್ಮ ಲ್ಯಾಬ್ ಅಸಿಸ್ಟೆಂಟ್ ಭಾವಮೈದುನನ ಸಾಲಕ್ಕೆ ಸೈನ್ ಹಾಕಿದ್ದರು. ಸಮನ್ಸ್ ಬಂದಾಗ ಮಡಚಿ ದೇವರ ಫೋಟೋ ಹಿಂದೆ ಇಟ್ಟುಬಿಟ್ಟರು! ಕೋರ್ಟಿಗೆ ಹೋಗಲಿಲ್ಲ, ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಅವರ ಗೈರುಹಾಜರಿಯಲ್ಲೇ ತೀರ್ಪು ಆಯಿತು. ಸರಿಯಾದ ಕಾರಣವಿದ್ದರೆ ಅದನ್ನು ರದ್ದು ಮಾಡಿಸಲು ಡಿಕ್ರಿಯಾದ 30 ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ತಲುಪದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ 30 ದಿನ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಗಳ ಸಹಾಯವಾಣಿ.

ಈಗ ಲೆಕ್ಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಜಪ್ತಿಗೆ. ನಮ್ಮ ಲ್ಯಾಬ್ ಅಸಿಸ್ಟೆಂಟ್ ಸಂಬಳ 22,000. ಸಾವಿರ ತೆಗೆದರೆ 21,000, ಮೂರನೇ ಒಂದು ಭಾಗ 7,000. ನಾನು ಸಾವಿರ ತೆಗೆಯೋದು ಮರೆತು 7,333 ಬರೆದಿದ್ದೆ. ಚೆಕ್ ಹೋಗುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ. ನಿಮ್ಮ ಸ್ಲಿಪ್ಪನ್ನೂ ಹೀಗೇ ನೋಡಿಕೊಳ್ಳಿ. ಪಿಎಫ್ ದುಡ್ಡು ಜಪ್ತಿಗೆ ಬರುವುದಿಲ್ಲ. ಕೂಲಿ ಕೆಲಸದವರ, ಮನೆಗೆಲಸದವರ ಕೂಲಿಯನ್ನಂತೂ ಮುಟ್ಟುವಂತೆಯೇ ಇಲ್ಲ. ಆದರೆ ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿ ಆದರೆ ಲೆಕ್ಕವೇ ಬೇರೆ. ಅಲ್ಲಿ ನಿಮಗೆ ಉಳಿಯುವುದೇ ಮೂರನೇ ಒಂದು ಭಾಗ.

ಆದೇಶ ಬಂದ ಮೇಲೆ ಕಟ್ ಮಾಡಬೇಡಿ ಅಂತ ನಮ್ಮ ಹತ್ತಿರ ಗೋಗರೆಯಬೇಡಿ. ಕಟ್ ಮಾಡದಿದ್ದರೆ ಆ ದುಡ್ಡಿಗೆ ಮಾಲೀಕರೇ ಹೊಣೆ. ಕಂತು ಬೇಕಿದ್ದರೆ ಕೋರ್ಟಿನಲ್ಲೇ ಕೇಳಿ.

ಬಹಳ ಜನಕ್ಕೆ ಗೊತ್ತಿಲ್ಲದ್ದು 24 ತಿಂಗಳ ಮಿತಿ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಟ್ ಆಯಿತೆಂದರೆ, ನಡುವೆ ಬಿಟ್ಟು ಬಿಟ್ಟು ಆಗಿದ್ದರೂ ಸರಿ, ಆಮೇಲೆ ಅದೇ ಡಿಕ್ರಿಗೆ ಸಂಬಳ ಮುಟ್ಟುವಂತಿಲ್ಲ. ಸಾಲ ತೀರಿತು ಅಂತಲ್ಲ, ಬೇರೆ ಆಸ್ತಿಗೆ ಬರಬಹುದು. ಬೇರೆ ಡಿಕ್ರಿ ಇದ್ದರೂ ನಡುವೆ 12 ತಿಂಗಳು ಬಿಡುವು ಸಿಗುತ್ತದೆ. ಹಾಗಾಗಿ ಸ್ಲಿಪ್ಪುಗಳನ್ನು ಎತ್ತಿಡಿ, ಅವಧಿ ಮುಗಿಯುತ್ತಲೇ ಕೋರ್ಟಿಗೂ ಆಫೀಸಿಗೂ ಬರೆದು ಕೊಡಿ. ನಮ್ಮ ಲ್ಯಾಬ್‌ನವರು ಎರಡು ವರ್ಷದ ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕಿಕೊಂಡು ಬಂದು ನನ್ನ ಮುಂದೆ ಹರಡಿದರು. ಆಗ ನಾನು ಅಭ್ಯಾಸಬಲದಿಂದ 25ನೇ ತಿಂಗಳಿನದ್ದೂ ಬರೆಯುತ್ತಾ ಕೂತಿದ್ದೆ.