ಸಿಂಗಾಪುರಕ್ಕೆ ಹೊರಟ ನಮ್ಮೂರವರಿಗೆ: ರವಿವಾರದ ಊಟ, ನೂಡಲ್ಸ್ ಮತ್ತು ಐಸು

ರಜೆಗೆ ವಿಜಯಪುರಕ್ಕೆ ಬಂದಾಗಲೆಲ್ಲ ನನಗೆ ಬರೋದು ಒಂದೇ ಪ್ರಶ್ನೆ. "ಅಲ್ಲಿ ನಮ್ಮಂಥೋರು ತಿನ್ನೂದು ಏನೈತ್ರೀ?" ಈ ಸಲ ಕೇಳಿದ್ದು ಎರಡು ಮನೆಯವರು. ಒಬ್ಬರು ನಮ್ಮ ಓಣಿಯವರೇ, ಇನ್ನೊಬ್ಬರು ಜಮಖಂಡಿಯವರು, ಇಬ್ಬರೂ ಮಕ್ಕಳ ಸಮೇತ ಸಿಂಗಾಪುರಕ್ಕೆ ಹೊರಟಿದ್ದಾರೆ, ಒಂದು ಮನೆಯಲ್ಲಿ ಆಯಿ ಕೂಡ ಜೊತೆಗೆ. ಕಟ್ಟೆ ಮೇಲೆ ಕೂತು ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ, ಬಾಗಲಕೋಟೆ ಬೆಳಗಾವಿ ಕಡೆಯಿಂದ ಹೊರಟ ಬೇರೆಯವರಿಗೂ ಆದೀತು.

ಮೊದಲ ರವಿವಾರವೇ ದೋಸೆ ಹುಡುಕಿಕೊಂಡು ಲಿಟ್ಲ್ ಇಂಡಿಯಾಕ್ಕೆ ಓಡಬೇಡಿ. ಅದು ಎಲ್ಲೂ ಹೋಗಲ್ಲ. ಹಾಕರ್ ಸೆಂಟರ್‌ಗೆ ಹೋಗಿ. ಒಂದೇ ಸೂರಿನಡಿ ಹತ್ತಾರು ಸಣ್ಣ ಅಂಗಡಿ, ನಡುವೆ ಮೇಜು, ಸ್ಟೂಲು. ಎಸಿ ಇರಲ್ಲ, ಮೇಲೆ ಫ್ಯಾನ್ ಇರುತ್ತದೆ. ಇದೇ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಪ್ಲೇಟ್ ನೂಡಲ್ಸ್ ಸುಮಾರು 4ರಿಂದ 6 ಸಿಂಗಾಪುರ ಡಾಲರ್‌ಗೆ ಸಿಗುತ್ತದೆ. ಅದೇ ಮಾಲ್‌ನ ರೆಸ್ಟೋರೆಂಟ್‌ಗೆ ಹೋದರೆ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಾಣುತ್ತವೆ: ಸೇವಾ ಶುಲ್ಕ ನೂರಕ್ಕೆ 10, ಅದರ ಮೇಲೆ ಜಿಎಸ್‌ಟಿ ನೂರಕ್ಕೆ 9. ಕೆಲವು ಕಡೆ ಕೇಳದೆಯೇ ಮೇಜಿಗೆ ಬಂದ ಶೇಂಗಾಕ್ಕೂ ಒದ್ದೆ ಟವೆಲ್ಲಿಗೂ ಬಿಲ್ ಹಾಕುತ್ತಾರೆ. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ, ಸಂಕೋಚ ಬೇಡ.

ಬಿಸಿಲು ನಮಗೇನು ಹೊಸದಾ ಅಂತೀರಿ. ನಮ್ಮದು ಒಣ ಬಿಸಿಲು, ಅಲ್ಲಿಯದು ಮೈಗೆ ಅಂಟುವ ಸೆಕೆ. ಹಿರಿಯರಿದ್ದರೆ 12 ಗಂಟೆಗೆ ಮೊದಲೇ ಹೋಗಿ ಫ್ಯಾನಿನ ಕೆಳಗಿನ ಮೇಜು ಹಿಡಿಯಿರಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಬಿದ್ದಿದ್ದರೆ ಅದು ಯಾರೋ ಮರೆತು ಹೋದದ್ದಲ್ಲ, ಬಸ್ಸಿನ ಕಿಟಕಿಯಿಂದ ಒಳಗೆ ಟವೆಲ್ ಎಸೆದ ಹಾಗೆ, ಸೀಟು ಹಿಡಿದದ್ದು. ಇದಕ್ಕೆ ಅಲ್ಲಿ ಚೋಪ್ ಅಂತಾರೆ. ನೀವೂ ಹಾಗೇ ಮಾಡಬಹುದು, ಆದರೆ ಮನೆಮಂದಿ ಹೋದಾಗ ಒಬ್ಬರು ಕೂತಿರೋದೇ ಒಳ್ಳೆಯದು, ಆಯಿಗೂ ಸುತ್ತಾಟ ತಪ್ಪುತ್ತದೆ.

ಈಗ ನೂಡಲ್ಸ್. ಇಲ್ಲಿ ಸ್ವಲ್ಪ ಗಮನ ಕೊಡಿ, ಯಾಕಂದರೆ ನಮ್ಮ ಕಡೆ ಚೈನೀಸ್ ಗಾಡಿಯಲ್ಲಿ ತಿಂದ ನೂಡಲ್ಸ್ ಆ ಊರಿನಲ್ಲಿ ಇಲ್ಲ. ಹಳದಿ ಬಣ್ಣದ ದಪ್ಪ ಎಳೆ ಮೀ, ಅದು ಗೋಧಿಯದು, ಕೆಲವಕ್ಕೆ ಮೊಟ್ಟೆ ಸೇರಿರುತ್ತದೆ. ಬೀ ಹೂನ್ ಅಂದರೆ ಅಕ್ಕಿ ಶಾವಿಗೆ. ಕ್ವೇ ಟಿಯಾವ್ ಕೂಡ ಅಕ್ಕಿಯದೇ, ಆದರೆ ಅಗಲ ಪಟ್ಟಿ. ಗಾಜಿನ ಹಾಗೆ ಪಾರದರ್ಶಕವಾಗಿ ಇರೋದು ತಾಂಗ್ ಹೂನ್, ಹೆಸರುಕಾಳಿನ ಪಿಷ್ಟದ್ದು. ಅಂಗಡಿಯಲ್ಲಿ ಇವು ಎದುರಿಗೇ ಇರುತ್ತವೆ, ಬೆರಳು ತೋರಿಸಿ ಕೇಳಿದರೆ ಸಾಕು. ಯಜಮಾನರು ಗಂಡಸಾದರೆ ಅಂಕಲ್, ಹೆಂಗಸಾದರೆ ಆಂಟಿ. ಎಲ್ಲರೂ ಹಾಗೇ ಕರೆಯುತ್ತಾರೆ.

ಎಳೆ ಯಾವುದು ಅನ್ನೋದು ಸಣ್ಣ ವಿಷಯ. ದೊಡ್ಡದು ಸಾರು. ಬರೀ ವೆಜಿಟೇರಿಯನ್ ಅಂದುಬಿಟ್ಟರೆ ಮೇಲಿನ ಮಾಂಸದ ತುಂಡು ಬಿಟ್ಟು ಕೊಟ್ಟುಬಿಡಬಹುದು, ಸಾರು ಮಾತ್ರ ಎಲುಬಿನದೋ ಒಣಮೀನಿನದೋ ಆಗಿರುತ್ತದೆ. ಲಕ್ಸಾ ಅನ್ನುವ ನೂಡಲ್ಸಿನ ಕೆಂಪು ತೆಂಗಿನಹಾಲಿನ ಸಾರು ನೋಡಿದರೆ ಬಾಯಲ್ಲಿ ನೀರು ಬರುತ್ತದೆ ನಿಜ, ಆದರೆ ಮೇಲೆ ಸಿಗಡಿ ಕಾಣದಿದ್ದರೂ ಮಸಾಲೆಯಲ್ಲೇ ಒಣ ಸಿಗಡಿ ಅರೆದಿರುತ್ತಾರೆ. ಚಾರ್ ಕ್ವೇ ಟಿಯಾವ್‌ಗೆ, ಅಂದರೆ ಹುರಿದ ಕ್ವೇ ಟಿಯಾವ್‌ಗೆ, ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಬೀಳುತ್ತದೆ, ಹೊಕ್ಕಿಯನ್ ಮೀಗೆ ಸಿಗಡಿ ಮತ್ತು ಹಂದಿ ಎಲುಬಿನ ಸಾರು. ಮಾಂಸ ತಿನ್ನುವ ಮನೆಯವರೂ ಇದನ್ನು ತಿಳಿದಿರಬೇಕು, ಚಿಕನ್ ಮಟನ್ ತಿಂದರೂ ಹಂದಿ ಬೇಡ ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರಲ್ವಾ. ಅವರು ಹಲಾಲ್ ಬೋರ್ಡಿನ ಅಂಗಡಿ ನೋಡಿಕೊಂಡರೆ ಹಂದಿಯ ಚಿಂತೆ ಇಲ್ಲ. ಅಲ್ಲಿ ಸಿಗುವ ಕೆಂಪು ಮೀ ಗೋರೆಂಗ್, ಅಂದರೆ ಹುರಿದ ಮೀ, ನಮ್ಮ ಖಾರದ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ.

ಇನ್ನೊಂದು, ಯಾರೂ ಹೇಳದೇ ಇರೋದು: ಖಾರದ ಬಟ್ಟಲು. ನಮ್ಮವರು ನೂಡಲ್ಸ್ ಸಪ್ಪೆ ಅನ್ನಿಸಿದ ಕೂಡಲೇ ಪಕ್ಕದಲ್ಲಿರುವ ಕೆಂಪು ಸಂಬಾಲ್‌ಗೆ ಕೈ ಹಾಕುತ್ತಾರೆ. ಅದರಲ್ಲಿ ಬೆಲಾಚಾನ್ ಇರುತ್ತದೆ, ಅಂದರೆ ಹುದುಗಿಸಿದ ಸಿಗಡಿಯ ಪೇಸ್ಟ್. ಅಷ್ಟೆಲ್ಲ ವಿಚಾರಿಸಿ ತಂದ ಪ್ಲೇಟು ಒಂದು ಚಮಚಕ್ಕೆ ಕೆಡುತ್ತದೆ. ಹಾಗಾಗಿ ಶೇಂಗಾ ಹಿಂಡಿಯ ಸಣ್ಣ ಡಬ್ಬಿ ಚೀಲದಲ್ಲಿ ಇರಲಿ. ಬೀ ಹೂನ್ ಮೇಲೆ ಉದುರಿಸಿಕೊಂಡು ತಿನ್ನಿ, ಯಾರೂ ಏನೂ ಅನ್ನಲ್ಲ.

ಶುದ್ಧ ಸಸ್ಯಾಹಾರಿಗಳಿಗೆ ನನ್ನ ಸಲಹೆ ಒಂದೇ, ಚೀನಿಯರ ವೆಜಿಟೇರಿಯನ್ ಅಂಗಡಿಗೇ ಹೋಗಿ. ಬೌದ್ಧರ ಪದ್ಧತಿ ಪಾಲಿಸುವ ಅಂಗಡಿಗಳಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಕೂಡ ಹಾಕಲ್ಲ. ಮೊಟ್ಟೆ ಹಾಕುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ. ಅಲ್ಲಿ ಲಕ್ಸಾ ಸಹ ಸಿಗುತ್ತದೆ, ಸಿಗಡಿ ಇಲ್ಲದ್ದು. ಒಂದು ಮಾತು ಹಿರಿಯರಿಗೆ ಮೊದಲೇ ಹೇಳಿರಿ: ತಟ್ಟೆಯಲ್ಲಿ ಮಾಂಸದ ಹಾಗೇ ಕಾಣುವ ತುಂಡು ಬರುತ್ತದೆ, ಎಳೆ ಎಳೆಯಾಗಿ, ಅಂಚು ಕೆಂಪಗೆ. ಅದು ಗೋಧಿಯ ಅಂಟು ಅಥವಾ ಸೋಯಾದಿಂದ ಮಾಡಿದ್ದು. ಎಷ್ಟು ಹೇಳಿದರೂ ಕೆಲವರು ನಂಬಲ್ಲ. ಬಿಡಿ, ಅದಿಲ್ಲದೆ ಕೊಡಿ ಅಂದರೆ ಎಲೆಕೋಸು, ಅಣಬೆ, ತೋಫು ಹಾಕಿ ಕೊಡುತ್ತಾರೆ.

ಬುಗಿಸ್ ಹತ್ತಿರ ಮಿಡಲ್ ರೋಡಿನ ಫಾರ್ಚೂನ್ ಸೆಂಟರ್‌ನಲ್ಲಿ ಇಂಥ ಅಂಗಡಿಗಳು ಸಾಲಾಗಿ ಇವೆ. ಪಕ್ಕದ ವಾಟರ್‌ಲೂ ಸ್ಟ್ರೀಟಿನಲ್ಲಿ ಕೃಷ್ಣನ ಗುಡಿ, ಅದಕ್ಕೆ ಹತ್ತಿಕೊಂಡೇ ಗುವಾನ್ ಯಿನ್ ದೇವಿಯ ಗುಡಿ. ಚೀನಿ ಭಕ್ತರು ಕೃಷ್ಣನಿಗೂ ಊದಿನಕಡ್ಡಿ ಹಚ್ಚಿ ಕೈ ಮುಗಿದು ಹೋಗುತ್ತಾರೆ. ಆಯಿಯನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ, ಆಮೇಲೆ ಊಟ. ಚೀನಿ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅವರಲ್ಲಿ ಬಹಳ ಜನ ಸಸ್ಯಾಹಾರ ಮಾಡುವುದರಿಂದ ಸಾಲು ಉದ್ದ ಇರುತ್ತದೆ. ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು.

ಕಡ್ಡಿಯಲ್ಲಿ ತಿನ್ನೋಕೆ ಬರದಿದ್ದರೆ ಫೋರ್ಕ್ ತಗೊಳ್ಳಿ, ಅದರಲ್ಲೇನೂ ನಾಚಿಕೆ ಇಲ್ಲ. ಮಕ್ಕಳು ಆಟಕ್ಕೆ ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಸತ್ತವರ ಮುಂದೆ ಊದಿನಕಡ್ಡಿ ಹಚ್ಚಿದಂತೆ ಕಾಣುತ್ತದೆ ಅಂತ ಅವರಿಗೆ ಅದು ಅಪಶಕುನ.

ಮಕ್ಕಳು ಕಾಯುತ್ತಿರೋದು ತಂಪಿಗೆ. ಐಸ್ ಕಚಾಂಗ್ ತರಿಸಿ. ಎತ್ತರಕ್ಕೆ ತುರಿದ ಐಸ್, ಮೇಲೆ ಕೆಂಪು ಹಸಿರು ಶರಬತ್ತು, ಗಟ್ಟಿ ಹಾಲು. ಗೋಲಾ ಅಂದುಕೊಂಡು ಮಗು ಚಮಚ ಹಾಕುತ್ತದೆ, ಒಳಗಿಂದ ಬೇಯಿಸಿದ ಕೆಂಪು ಕಾಳು ಬರುತ್ತದೆ, ಮೆಕ್ಕೆಜೋಳ ಬರುತ್ತದೆ, ಕಪ್ಪು ಜೆಲ್ಲಿ ಬರುತ್ತದೆ. ಮಲಯ ಮಾತಿನಲ್ಲಿ ಕಚಾಂಗ್ ಅಂದರೆ ಕಾಳೇ, ಮೋಸ ಏನಿಲ್ಲ. ಬಿಳಿ, ಮೆತ್ತಗಿನ, ಗುಂಡು ಹಣ್ಣಿನಂಥದ್ದು ಅಟ್ಟಪ್ ಚೀ, ಒಂದು ಜಾತಿಯ ತಾಳೆಯ ಎಳೆ ಬೀಜ. ಜಾಸ್ತಿ ಮಾತಾಡುತ್ತಾ ಕೂರಬೇಡಿ, ಆ ಸೆಕೆಗೆ ಬೇಗ ಕರಗಿ ನೀರಾಗುತ್ತದೆ. ಇಬ್ಬರಿಗೆ ಒಂದು ಸಾಕು.

ನನ್ನ ಓಟು ಚೆಂಡೋಲ್‌ಗೆ. ಅಕ್ಕಿ ಹಿಟ್ಟಿನ ಹಸಿರು ಎಳೆ, ತೆಂಗಿನಹಾಲು, ಐಸ್, ಮೇಲೆ ಗುಲಾ ಮೆಲಾಕಾ ಅನ್ನುವ ತಾಳೆಬೆಲ್ಲದ ಪಾಕ. ಹಸಿರು ಬರೋದು ಪಂದನ್ ಎಲೆಯಿಂದ, ಹೊಗೆವಾಸನೆ ಇರೋದು ಬೆಲ್ಲಕ್ಕೆ. ಮುಧೋಳ ಜಮಖಂಡಿ ಕಡೆ ಆಲೆಮನೆ ಬೆಲ್ಲ ತಿಂದು ಬೆಳೆದವರಿಗೆ ಇದು ಮೊದಲ ಚಮಚಕ್ಕೇ ಹಿಡಿಸುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕಬ್ಬಿನ ಹಾಲೂ ಸಿಗುತ್ತದೆ, ಲಿಂಬೆ ಹಿಂಡಿಸಿಕೊಳ್ಳಿ. ಜೆಲ್ಲಿ ಬಗ್ಗೆ ಅನುಮಾನ ಇದ್ದರೆ ಅಗರ್ ಅಗರ್ ಹೌದಾ ಅಂತ ಕೇಳಿ, ಅದು ಕಡಲಪಾಚಿಯದು. ಜೆಲಟಿನ್ ಅಂದರೆ ಬೇಡ ಅನ್ನಿ.

ತಿಂದಾದ ಮೇಲೆ ಟ್ರೇ ಅಲ್ಲೇ ಬಿಟ್ಟು ಏಳಬೇಡಿ. 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರ್‌ಗಳಲ್ಲಿ ಟ್ರೇ ವಾಪಸ್ ಇಡೋದು ಕಡ್ಡಾಯ, ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಟ್ರೇ ಇಡುವ ಕಪಾಟು ಹಲಾಲ್‌ಗೆ ಬೇರೆ, ಉಳಿದವಕ್ಕೆ ಬೇರೆ. ಬೋರ್ಡು ಓದಿ ಇಡಿ.

ಆರ್ಚರ್ಡ್ ರೋಡಿಗೆ ಹೋದರೆ ರಸ್ತೆ ಬದಿ ಛತ್ರಿ ಕಟ್ಟಿದ ಐಸ್‌ಕ್ರೀಂ ಗಾಡಿ ಕಾಣುತ್ತದೆ. ಅಂಕಲ್ ಇಟ್ಟಿಗೆಯಷ್ಟು ಉದ್ದದ ಗಡ್ಡೆ ತೆಗೆದು, ಕಾಗದ ಸಮೇತ ಚಾಕುವಿನಿಂದ ದಪ್ಪ ತುಂಡು ಕತ್ತರಿಸಿ, ಬಣ್ಣ ಬಣ್ಣದ ಬ್ರೆಡ್ಡಿನಲ್ಲಿ ಮಡಚಿ ಕೈಗೆ ಕೊಡುತ್ತಾನೆ. ಬ್ರೆಡ್ ಬೇಡದವರಿಗೆ ಎರಡು ವೇಫರ್ ನಡುವೆ. ಚಿಲ್ಲರೆ ನೋಟು ಇಟ್ಟುಕೊಂಡಿರಿ. ಡುರಿಯನ್ ಹಣ್ಣಿನ ರುಚಿಯದನ್ನು ಮೊದಲ ದಿನವೇ ಕೊಡಿಸಬೇಡಿ, ಅದರ ವಾಸನೆಗೆ ಮೂಗು ಒಗ್ಗಬೇಕು. ಮತ್ತೆ ಐಸ್‌ಕ್ರೀಂ ಹಿಡಿದುಕೊಂಡು ಮೆಟ್ರೋ ಒಳಗೆ ಹೋಗುವ ಹಾಗಿಲ್ಲ, ಅಲ್ಲಿ ತಿಂದರೆ 500 ಡಾಲರ್‌ವರೆಗೂ ದಂಡ ಇದೆ. ಸ್ಟೇಷನ್ ಹೊರಗೇ ನಿಂತು ಮುಗಿಸಿ, ಮಕ್ಕಳ ಕೈ ಬಾಯಿ ಒರೆಸಿ ಒಳಗೆ ಕರಕೊಂಡು ಹೋಗಿ.