ಕರೆಂಟ್ ಎಲ್ಲಿ ಹೋಗುತ್ತಿದೆ? ಮೀಟರನ್ನೇ ಕೇಳಿ

ಕರೆಂಟ್ ಬಿಲ್ ಜಾಸ್ತಿ ಬಂತೆಂದರೆ ಮನೆಯಲ್ಲಿ ಮೊದಲು ಬೈಸಿಕೊಳ್ಳುವವರು ಮಕ್ಕಳು. ‘ಲೈಟ್ ಆರಿಸೋ’ ಅಂತ. ಆದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಸುಡಲು 111 ಗಂಟೆ ಉರಿಯಬೇಕು. 2,000 ವ್ಯಾಟಿನ ಗೀಸರ್ ಕಾಯುವಾಗ ಅದೇ ಒಂದು ಯೂನಿಟ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ಉಳಿಸುವ ಮೊದಲು ಎಲ್ಲಿ ಸೋರುತ್ತಿದೆ ಅಂತ ತಿಳಿಯಬೇಕು.

ಮೊದಲು ಮೀಟರ್ ಮುಂದೆ ನಿಲ್ಲಿ. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 ಅಥವಾ 1600 ಎಂಬಂಥ ಒಂದು ಸಂಖ್ಯೆ ಇರುತ್ತದೆ. ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದರ್ಥ. 3200ರ ಮೀಟರಿನಲ್ಲಿ 75 ವ್ಯಾಟಿನ ಹಳೇ ಫ್ಯಾನ್ ಒಂದೇ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಗೀಸರ್ ಹಾಕಿದರೆ ಎಣಿಸುವುದೇ ಕಷ್ಟ, ನಿಮಿಷಕ್ಕೆ ನೂರರ ಮೇಲೆ!

ಈಗ ಫ್ರಿಜ್ ಸೇರಿ ಮನೆಯಲ್ಲಿ ಎಲ್ಲವನ್ನೂ ಆರಿಸಿ ಹತ್ತು ನಿಮಿಷ ನೋಡಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ದೀಪ ಸ್ವಲ್ಪ ಹೊತ್ತು ಸುಮ್ಮನಿತ್ತು, ಆಮೇಲೆ ಇದ್ದಕ್ಕಿದ್ದಂತೆ ಪಟಪಟ ಅಂತ ಶುರುವಾಯಿತು. ಹುಡುಕಿದರೆ ಮಹಡಿಯ ಬಚ್ಚಲಿನ ಗೀಸರ್. ನೆಂಟರು ಬಂದಾಗ ಹಾಕಿದ್ದು, ಯಾರೂ ಆರಿಸಿರಲಿಲ್ಲ. ನೀರು ತಣ್ಣಗಾದಾಗಲೆಲ್ಲ ತಾನೇ ಕಾಯಿಸಿಕೊಂಡು ಕೂತಿತ್ತು. ಒಂದು ಹನಿ ಬಿಸಿನೀರು ಬಳಸದೆ ಎಷ್ಟು ದಿನ ದುಡ್ಡು ಕಟ್ಟಿದೆವೋ ಅಂತ ಹೊಟ್ಟೆ ಉರಿಯಿತು.

ಎಲ್ಲ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದು, ಕಾರಣ ಸಿಗದಿದ್ದರೆ ಎಲೆಕ್ಟ್ರೀಷಿಯನ್‌ಗೆ ಹೇಳಿ. ವೈರಿಂಗಿನಲ್ಲಿ ಕರೆಂಟ್ ಸೋರುತ್ತಿರಬಹುದು. ಅದು ದುಡ್ಡಿನ ವಿಷಯ ಮಾತ್ರವಲ್ಲ, ಜೀವಕ್ಕೂ ಅಪಾಯ.

ಮುಂದಿನ ಕೆಲಸ ಗೀಸರ್‌ದು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಸ್ನಾನಕ್ಕೆ ಬೇಕಿರುವುದು 40 ಡಿಗ್ರಿ ಆಸುಪಾಸು. ಕುದಿಯುವಂತೆ ಕಾಯಿಸಿ ಬಕೆಟ್ಟಿಗೆ ತಣ್ಣೀರು ಬೆರೆಸುವುದರಲ್ಲಿ ಲಾಭವಿಲ್ಲ. ಬಿಸಿ ಹೊಂದಿಸುವ ಗುಂಡಿ ಇದ್ದರೆ 50ಕ್ಕೆ ಇಳಿಸಿ. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಕೊನೆಯವರು ಸ್ವಿಚ್ ಆರಿಸಲಿ.

ಆಮೇಲೆ ಫ್ಯಾನು. ಹಳೇ ಫ್ಯಾನ್ ದಿನಕ್ಕೆ 12 ಗಂಟೆ ಪೂರ್ತಿ ಸ್ಪೀಡಿನಲ್ಲಿ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ 11ರೊಳಗೆ. ಬೆಲೆ ಜಾಸ್ತಿ, ನಿಜ. ಹಾಗಾಗಿ ಎಲ್ಲ ಒಟ್ಟಿಗೆ ಬದಲಿಸಬೇಡಿ. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದ್ದನ್ನು ಮೊದಲು ಬದಲಿಸಿ.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಸಡಿಲವಾಗಿದೆ, ಬದಲಿಸಿ. ಬಿಸಿ ಸಾರನ್ನು ಆರಿಸಿಯೇ ಒಳಗಿಡಿ. ಸಂಪಿನ ಮೋಟರ್ ಹಾಕಿದರೆ ಟ್ಯಾಂಕ್ ತುಂಬಿ ಚೆಲ್ಲುವವರೆಗೆ ಮರೆಯಬೇಡಿ, ನೀರೂ ಉಳಿಯುತ್ತದೆ.

ಇನ್ನು ಗೃಹಜ್ಯೋತಿ, ಅಂದರೆ ಕರ್ನಾಟಕ ಸರ್ಕಾರದ ಉಚಿತ ಕರೆಂಟ್ ಯೋಜನೆಯ ಲೆಕ್ಕ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್). ಸರಾಸರಿ 90 ಇದ್ದರೆ 99 ಯೂನಿಟ್ ಉಚಿತ; 120 ಬಳಸಿದರೆ 21ಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಅಂದರೆ 201ನೇ ಯೂನಿಟ್ ತುಂಬಾ ದುಬಾರಿ.

ಅದಕ್ಕೇ ಪ್ರತಿ ಭಾನುವಾರ ಮೀಟರ್ ರೀಡಿಂಗನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಳೆದ ಬಿಲ್ಲಿನ ರೀಡಿಂಗ್ ಅದರಿಂದ ಕಳೆಯಿರಿ. ಮೂರನೇ ವಾರಕ್ಕೇ 160 ಆಗಿದ್ದರೆ, ರೀಡಿಂಗ್ ತೆಗೆಯುವವರು ಬರಲು ಇನ್ನೂ ಎಂಟು-ಹತ್ತು ದಿನ ಇದೆ. ಗೀಸರ್, ಇಸ್ತ್ರಿಪೆಟ್ಟಿಗೆ ಬಳಕೆ ತಗ್ಗಿಸಲು ಅಷ್ಟು ಸಮಯ ಸಾಕು.