ಮೊದಲ ಗೇಮಿಂಗ್ ಪಿಸಿ: ಲೆಕ್ಕ ಮಾನಿಟರ್‌ನಿಂದ ಶುರುವಾಗಲಿ

ಕಡಿಮೆ ಬಜೆಟ್‌ನಲ್ಲಿ ಮೊದಲ ಗೇಮಿಂಗ್ ಪಿಸಿ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಮಾನಿಟರ್‌ನಿಂದ. ಯಾವ ರೆಸಲ್ಯೂಶನ್‌ನಲ್ಲಿ, ಯಾವ ಥರದ ಆಟ ಆಡುತ್ತೀರಿ ಅನ್ನೋದು ಖಚಿತವಾದರೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಅನ್ನೋದೂ ಗೊತ್ತಾಗುತ್ತದೆ.

1080ಪಿ ಮಾನಿಟರ್‌ನಲ್ಲಿ 1920 × 1080, ಅಂದರೆ ಒಂದು ಫ್ರೇಮ್‌ಗೆ (ಪರದೆಯ ಒಂದು ಚಿತ್ರಕ್ಕೆ) ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಗೆ ಹೋದರೆ ಸುಮಾರು 36.9 ಲಕ್ಷ. ಅಷ್ಟನ್ನೂ ಗ್ರಾಫಿಕ್ಸ್ ಕಾರ್ಡ್ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಬಿಡಿಸಬೇಕು. ಹಾಗಾಗಿ ಮೊದಲ ಪಿಸಿಗೆ 1080ಪಿ ಸಾಕು. ಆದರೆ 60 ಹರ್ಟ್ಸ್ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅನ್ನೋ ಲೆಕ್ಕ) ಬದಲು 144 ಹರ್ಟ್ಸ್ ಮಾನಿಟರ್ ಕೈಗೆಟುಕುವಂತಿದ್ದರೆ ಬಿಡಬೇಡಿ. ವ್ಯಾಲೊರೆಂಟ್, ಕೌಂಟರ್‌ಸ್ಟ್ರೈಕ್ ಥರದ ವೇಗದ ಶೂಟಿಂಗ್ ಆಟ ಆಡುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ

ಕ್ಯಾಬಿನೆಟ್ ಒಳಗೆ ಹೋಗುವ ಭಾಗಗಳ ಒಟ್ಟು ಬಜೆಟ್‌ನಲ್ಲಿ ಮೂರನೇ ಒಂದು ಭಾಗವಾದರೂ ಗ್ರಾಫಿಕ್ಸ್ ಕಾರ್ಡಿಗೆ ಇಡಿ. ಅರ್ಧದ ಹತ್ತಿರ ಹೋದರೂ ತಪ್ಪಿಲ್ಲ. ಕಾರ್ಡ್‌ನಲ್ಲಿ ಮೊದಲು ನೋಡಬೇಕಾದ್ದು ವಿ-ರ್‍ಯಾಮ್, ಅಂದರೆ ಕಾರ್ಡ್‌ನದೇ ಮೆಮೊರಿ. ಇವತ್ತಿನ ದೊಡ್ಡ ಆಟಗಳಿಗೆ 8 ಜಿಬಿ ಕನಿಷ್ಠ. ಅದು ತುಂಬಿಹೋದರೆ ಟೆಕ್ಸ್ಚರ್‌ಗಳನ್ನು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳನ್ನು) ಪಿಸಿಯ ಮುಖ್ಯ ರ್‍ಯಾಮ್‌ನಿಂದ ಎಳೆದು ತರಬೇಕಾಗುತ್ತದೆ. ಆ ದಾರಿ ನಿಧಾನ, ಆಟ ತಡವರಿಸುತ್ತದೆ.

ರೇಡಿಯಾನ್ ಆರ್‌ಎಕ್ಸ್ 6600 (8 ಜಿಬಿ), ಜಿಫೋರ್ಸ್ ಆರ್‌ಟಿಎಕ್ಸ್ 3060 (12 ಜಿಬಿ), ಇಂಟೆಲ್ ಆರ್ಕ್ ಬಿ580 (12 ಜಿಬಿ) ಇವು 1080ಪಿಗೆ ಒಗ್ಗುವ ಕಾರ್ಡ್‌ಗಳು. ಪ್ರತಿಯೊಂದನ್ನೂ ಸ್ವಲ್ಪ ಹುಷಾರಾಗಿ ನೋಡಬೇಕು. ಆರ್‌ಟಿಎಕ್ಸ್ 3060 ಹೆಸರಿನಲ್ಲೇ 8 ಜಿಬಿಯ ಇನ್ನೊಂದು ಕಾರ್ಡ್ ಇದೆ. ಅದರ ಮೆಮೊರಿ ಬಸ್ (ಮೆಮೊರಿಯ ಡೇಟಾ ಹರಿಯುವ ದಾರಿ) 192 ಬಿಟ್ ಬದಲು 128 ಬಿಟ್, ಹಾಗಾಗಿ ಓಟವೂ ಕಡಿಮೆ. ಆರ್ಕ್ ಕಾರ್ಡ್ ಚೆನ್ನಾಗಿ ಓಡಬೇಕಾದರೆ ಮದರ್‌ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ) ಸೌಲಭ್ಯ ಇರಬೇಕು, ಆನ್ ಕೂಡ ಆಗಿರಬೇಕು. ಇನ್ನು ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರು ನೋಡಿದರೆ 6600ರ ಪಕ್ಕದ ಮನೆಯದು ಅನಿಸುತ್ತದೆ. ಆದರೆ ಸಾಮಾನ್ಯವಾಗಿ ಸಿಗುವುದರಲ್ಲಿ 4 ಜಿಬಿ ಮೆಮೊರಿ ಅಷ್ಟೇ, ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಹರಿಯುವ ದಾರಿ) ಬರೀ ನಾಲ್ಕು. ಹಳೆಯ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಇನ್ನೂ ನಿಧಾನ. ಹೆಸರಿನ ಅಂಕಿ ನಂಬಿಕೊಂಡು ಕಾರ್ಡ್ ತಗೊಳ್ಳಬೇಡಿ. ನೀವು ಆಡುವ ಆಟದಲ್ಲೇ ಅದು ಎಷ್ಟು ಫ್ರೇಮ್ ಕೊಡುತ್ತದೆ ಅಂತ ರಿವ್ಯೂಗಳಲ್ಲಿ ನೋಡಿ.

ಪ್ರೊಸೆಸರ್, ಬೋರ್ಡ್, ರ್‍ಯಾಮ್ ಒಟ್ಟಿಗೆ

ಇವು ಮೂರನ್ನೂ ಬೇರೆ ಬೇರೆಯಾಗಿ ಆರಿಸಲು ಆಗಲ್ಲ. ಆರು ಕೋರ್, ಹನ್ನೆರಡು ಥ್ರೆಡ್ ಇರುವ ರೈಜನ್ 5 5600 ಅಥವಾ ಕೋರ್ ಐ5-12400ಎಫ್ ಇದ್ದರೆ ಮೇಲೆ ಹೇಳಿದ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 ಕಾರ್ಡ್‌ಗಳಿಗೆ ಅಡ್ಡಿಯಾಗಲ್ಲ. ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ, ಅಂದರೆ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಬರುವುದಿಲ್ಲ. ಈಗಲೇ ಕಾರ್ಡಿಗೆ ದುಡ್ಡು ಸಾಲದಿದ್ದರೆ, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಒಂದು ದಾರಿ. ಹಗುರ ಆಟಗಳನ್ನು ಆಡುತ್ತಾ ಇದ್ದು, ಕಾರ್ಡನ್ನು ಆಮೇಲೆ ಸೇರಿಸಬಹುದು. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಚಿಕ್ಕ ಮೆಮೊರಿ) 16 ಎಂಬಿ, 5600ರ ಅರ್ಧ. ಕಾರ್ಡ್ ಹಾಕಿದ ಮೇಲೂ ಆ ಕೊರತೆ ಹಾಗೇ ಉಳಿಯುತ್ತದೆ.

5600 ಕೂರುವುದು ಎಎಂ4 ಸಾಕೆಟ್‌ನಲ್ಲಿ, ರ್‍ಯಾಮ್ ಡಿಡಿಆರ್4. 12400ಎಫ್ ಕೂರುವುದು ಎಲ್‌ಜಿಎ 1700ರಲ್ಲಿ. ಅದಕ್ಕೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರನ್ನು ಪೂರ್ತಿ ಓದಿ. ಒಂದರ ರ್‍ಯಾಮ್ ಇನ್ನೊಂದರ ಸ್ಲಾಟ್‌ಗೆ ಹೋಗುವುದೇ ಇಲ್ಲ. 5600ಗೆ ಬಿ550, 12400ಎಫ್‌ಗೆ ಬಿ660 ಚಿಪ್‌ಸೆಟ್‌ನ ಸಾದಾ ಬೋರ್ಡ್ ಧಾರಾಳ ಸಾಕು. ಬಣ್ಣದ ಲೈಟು, ಹೊಳೆಯುವ ಹೀಟ್‌ಸಿಂಕ್ ನೋಡಿ ಇಲ್ಲಿ ಜಾಸ್ತಿ ಕೊಟ್ಟರೆ, ಆ ದುಡ್ಡು ಗ್ರಾಫಿಕ್ಸ್ ಕಾರ್ಡಿನಿಂದ ಕಿತ್ತುಕೊಂಡಂತೆ.

ರ್‍ಯಾಮ್ 16 ಜಿಬಿ ಇರಲಿ. ಒಂದೇ ಸ್ಟಿಕ್ ಬೇಡ, 8 ಜಿಬಿಯ ಎರಡು ಸ್ಟಿಕ್ ತಗೊಳ್ಳಿ. ಆಗ ಡ್ಯುಯಲ್ ಚಾನೆಲ್‌ನಲ್ಲಿ (ಎರಡು ದಾರಿಗಳಲ್ಲಿ ಒಟ್ಟಿಗೆ) ಕೆಲಸ ಮಾಡಿ ಬ್ಯಾಂಡ್‌ವಿಡ್ತ್ ದುಪ್ಪಟ್ಟಾಗುತ್ತದೆ. ಡಿಡಿಆರ್4 ಆದರೆ 3200ರ ವೇಗದ ಕಿಟ್ ಸಾಕು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಸ್ಟೋರೇಜ್‌ಗೆ 1 ಟಿಬಿಯ ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ. ಅದಕ್ಕಿಂತ ವೇಗದ್ದಕ್ಕೆ ಜಾಸ್ತಿ ಕೊಟ್ಟರೂ ಆಟ ತೆರೆಯುವ ಹೊತ್ತಿನಲ್ಲಿ ಅಷ್ಟೇನೂ ಫರಕು ಕಾಣಲ್ಲ.

ಪವರ್ ಸಪ್ಲೈಯಲ್ಲಿ ಉಳಿತಾಯ ಬೇಡ

ಇಲ್ಲಿ ಮಾತ್ರ ನನ್ನದು ಹಟ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೆಟ್ಟರೆ ಒಮ್ಮೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕ್ಯಾಬಿನೆಟ್ ಜೊತೆ ಸುಮ್ನೆ ಬರುವ ಪವರ್ ಸಪ್ಲೈ ಗೇಮಿಂಗ್‌ಗೆ ಬೇಡವೇ ಬೇಡ.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಿಟ್ಟು, ಸಪ್ಲೈಯ ಬದಿಯಲ್ಲಿ ಅಂಟಿಸಿರುವ ಲೇಬಲ್ ಓದಿ. ಅಲ್ಲೊಂದು ಕೋಷ್ಟಕ ಇರುತ್ತದೆ: +3.3ವಿ, +5ವಿ, +12ವಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ಪೂರ್ತಿ ನಡೆಯುವುದು 12 ವೋಲ್ಟ್ ಮೇಲೆ. ಪೆಟ್ಟಿಗೆ ಮೇಲೆ 550 ವ್ಯಾಟ್ ಅಂತಿದ್ದು, 12ವಿ ಕೆಳಗೆ 30 ಆಂಪ್ ಅಂತಿದ್ದರೆ, 12 × 30 = 360 ವ್ಯಾಟ್. ನಿಮಗೆ ನಿಜವಾಗಿ ಸಿಗುವುದು ಅಷ್ಟೇ. ಒಳ್ಳೆಯ 550 ವ್ಯಾಟ್ ಸಪ್ಲೈಯಲ್ಲಿ ಆ ಜಾಗದಲ್ಲಿ 45 ಆಂಪ್ ಆಸುಪಾಸು ಇರುತ್ತದೆ. 12ವಿ1, 12ವಿ2 ಅಂತ ಎರಡು ಸಾಲಿದ್ದರೆ ಎರಡನ್ನೂ ಕೂಡಿಸಬೇಡಿ. ಕೆಳಗೆ ಅಚ್ಚಾಗಿರುವ ಒಟ್ಟು ವ್ಯಾಟ್ ನೋಡಿ.

ಆರ್‌ಟಿಎಕ್ಸ್ 3060ಗೆ 170 ವ್ಯಾಟ್, ಆರ್‌ಎಕ್ಸ್ 6600ಗೆ 132 ವ್ಯಾಟ್ ಬೇಕು. ಪ್ರೊಸೆಸರ್, ಫ್ಯಾನು ಎಲ್ಲ ಸೇರಿದರೂ ಒಳ್ಳೆಯ 550 ಆರಾಮಾಗಿ ಹೊರುತ್ತದೆ. 80 ಪ್ಲಸ್ ಬ್ರಾನ್ಜ್ ಮುದ್ರೆ ಇರಲಿ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದನ್ನು ಮಾತ್ರ. ಒಳಗಿನ ರಕ್ಷಣೆಯ ಗ್ಯಾರಂಟಿ ಅದಲ್ಲ. ಐದು ವರ್ಷದ ವಾರಂಟಿ ಇರುವುದನ್ನು ಹುಡುಕಿ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತಗೊಳ್ಳಬಹುದು, ಕಾರ್ಡನ್ನೂ ಕಣ್ಣೆದುರು ಆಟ ಓಡಿಸಿ ನೋಡಿ ತಗೊಳ್ಳಬಹುದು. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಕ್ಯಾಬಿನೆಟ್ ಮುಂಭಾಗದಲ್ಲಿ ಗಾಜಿಗಿಂತ ಜಾಲರಿ ವಾಸಿ, ಗಾಳಿ ಒಳಗೆ ಬರಬೇಕಲ್ವಾ? ದುಡ್ಡು ಕೊಡುವ ಮುಂಚೆ ಕಾರ್ಡ್‌ನ ಉದ್ದ ಎಷ್ಟು ಮಿಲಿಮೀಟರ್, ಕ್ಯಾಬಿನೆಟ್ ಎಷ್ಟು ಉದ್ದದ ಕಾರ್ಡಿಗೆ ಜಾಗ ಕೊಡುತ್ತದೆ ಅಂತ ಹೋಲಿಸಿ.

ಜೋಡಿಸಿದ ಮೇಲೆ

ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸಿಗಿಸಿ, ಮದರ್‌ಬೋರ್ಡ್‌ಗಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 144 ಹರ್ಟ್ಸ್ ನೀವೇ ಆರಿಸಬೇಕಾಗಬಹುದು. 3200ರ ರ್‍ಯಾಮ್ ಕೂಡ ತಾನಾಗಿ ಆ ವೇಗಕ್ಕೆ ಹೋಗದೆ, ಸಾಮಾನ್ಯವಾಗಿ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಪರದೆಗೆ) ಹೋಗಿ ಎಕ್ಸ್‌ಎಂಪಿ (ರ್‍ಯಾಮ್ ಪೂರ್ತಿ ವೇಗದಲ್ಲಿ ಓಡುವ ಸೆಟ್ಟಿಂಗ್) ಆನ್ ಮಾಡಿ, ಸೇವ್ ಮಾಡಿ ಹೊರಬನ್ನಿ. ಆಮೇಲೆ ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೆಮೊರಿ ಒತ್ತಿ ನೋಡಿ. ಸ್ಪೀಡ್ ಎದುರಿಗೆ 3200 ಅಂತ ಬಂದಿರಬೇಕು.